ಬಲಗಡೆಯ ಡಿಸ್ಕು

ಕಾರಿನ ಎಡಗಡೆಯ ಬ್ರೇಕ್ ಡಿಸ್ಕು ಬೆಳಿಗ್ಗೆ ಎಂಟೂವರೆಗೇ ಕಳಚಿ ಬಂದಿತ್ತು. ಬಲಗಡೆಯದು ಹನ್ನೊಂದು ಹೊಡೆದರೂ ಜಪ್ಪಯ್ಯ ಎನ್ನಲಿಲ್ಲ.

ಫಿಟ್ಟರು ಸುತ್ತಿಗೆಯನ್ನು ನೆಲಕ್ಕಿಟ್ಟು ಮೊಣಕಾಲು ಹಿಡಿದುಕೊಂಡು ಕುಳಿತರು. ಊರಿನ ನೀರಿನ ಪಂಪುಮನೆಯಲ್ಲಿ ಮೂವತ್ತಾರು ವರ್ಷ ದುಡಿದವರು ಅವರು. ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಯವರಿಗೆಲ್ಲ ಫಿಟ್ಟರೇ. ಕಾರು ಮಾತ್ರ ಅವರದಲ್ಲ, ಹೆಂಡತಿಯದು. ಹೆರಿಗೆ ಮಾಡಿಸುವ ದಾದಿಯಾಗಿದ್ದ ಆಕೆ, ತನಗಿಂತ ಹತ್ತೇ ವರ್ಷ ಚಿಕ್ಕದಾದ ಆ ಹಳೆಯ ಕಾರಿನಲ್ಲಿ ಹೊತ್ತುಗೊತ್ತು ನೋಡದೆ ಮನೆಮನೆಗೆ ಹೋಗಿ ಬರುತ್ತಿದ್ದಳು. ಫಿಟ್ಟರು ಓಡಿಸಲು ಕಲಿಯಲೇ ಇಲ್ಲ. ಪಕ್ಕದಲ್ಲಿ ಕುಳಿತು ದೇವರ ನಾಮ ಹೇಳಿಕೊಳ್ಳುವುದಷ್ಟೇ ಅವರ ಪಾಲಿನ ಕೆಲಸ.

ಆಕೆ ಹಾಸಿಗೆ ಹಿಡಿದ ಮೇಲೆ ಕಾರು ಒಂದೂವರೆ ವರ್ಷ ಈ ಬಾಡಿಗೆ ಶೆಡ್ಡಿನಲ್ಲೇ ನಿಂತಿತು. ಆಕೆ ತೀರಿಕೊಂಡು ಇಂದಿಗೆ ಎಪ್ಪತ್ತೊಂದು ದಿನ. ಈ ನಡುವೆ ಶೆಡ್ಡು ಮಾರಾಟವಾಯಿತು, ಕರೆಂಟು ಕಡಿದರು. ಇಂದು ಸಂಜೆ ನಾಲ್ಕಕ್ಕೆ ಹೊಸ ಮಾಲೀಕನ ಲಾರಿ ಬಂದು ಒಳಗೆ ಉಳಿದದ್ದನ್ನೆಲ್ಲ ಗುಜರಿಗೆ ಸಾಗಿಸುತ್ತದೆ. ಮಗಳು ತಾಯಿಯ ಕಾರನ್ನು ತನ್ನೂರಿಗೆ ಓಡಿಸಿಕೊಂಡು ಹೋಗಲೆಂದು ಬಂದಿದ್ದಳು. ದಾರಿಯುದ್ದಕ್ಕೂ ಇಳಿಜಾರು, ಬ್ರೇಕಿಲ್ಲದೆ ಹೊರಡುವಂತಿಲ್ಲ. ಹಳೆಯ ಡಿಸ್ಕುಗಳು ತುಕ್ಕು ಹಿಡಿದು ಹಕ್ಕಳೆ ಏಳುತ್ತಿದ್ದವು. ಹೊಸ ಬ್ಯಾಟರಿ ಹಾಕಿ ಎಂಜಿನ್ನು ಚಾಲು ಮಾಡಿ ನೋಡಿದ್ದಾಗಿತ್ತು, ಹೊಸ ಡಿಸ್ಕುಗಳ ಜೋಡಿಯೂ ಡಬ್ಬಿಯಲ್ಲಿ ಸಿದ್ಧವಿತ್ತು. ಹಳೆಯದು ಜಾಗ ಬಿಟ್ಟರಲ್ಲವೇ!

"ಏನ್ ಭಾವ, ಅದನ್ನ ಬಡೀತಿದ್ದೀರೋ, ಬೆನ್ನು ತಟ್ಟಿ ಮಲಗಿಸ್ತಿದ್ದೀರೋ?" ಎಂದ ಹೆಂಡತಿಯ ತಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅಕ್ಕನ ಕಾರೆಂದು ತಾನಾಗಿಯೇ ಸಲಕರಣೆಗಳ ಪೆಟ್ಟಿಗೆ ಹೊತ್ತು ಬಂದಿದ್ದ.

"ನೀನೇ ಬಡಿಯಪ್ಪ, ನೋಡೋಣ. ಡಿಪೋದಲ್ಲಿ ನಿನ್ನ ಬಾಯಿಗೇ ಸಂಬಳ ಕೊಡ್ತಿದ್ರು ಅಂತ ಕಾಣುತ್ತೆ."

ಭಾವಮೈದ ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕನೆಯ ಸಲ ಸುರಿದ. ಚಕ್ರವನ್ನು ಹೊರುವ ಹಬ್ಬಿಗೂ ಡಿಸ್ಕಿಗೂ ನಡುವಿನ ಸಂದಿಗೆ ಅದು ಇಳಿಯಬೇಕು. ಇಳಿಯದೆ ನೆಲಕ್ಕೆ ತೊಟ್ಟಿಕ್ಕಿತು. ಹಳೆಯ ಡಿಸ್ಕುಗಳಲ್ಲಿ ಎರಡು ತಿರುಪಿನ ತೂತುಗಳಿರುತ್ತವೆ. ಅವುಗಳಿಗೆ ಬೋಲ್ಟು ಹಾಕಿ ಬಿಗಿಗೊಳಿಸಿದರೆ ಬೋಲ್ಟಿನ ತುದಿ ಹಬ್ಬನ್ನು ಒತ್ತಿ ಡಿಸ್ಕನ್ನು ಹೊರಕ್ಕೆ ತಳ್ಳುತ್ತದೆ. ಎಡಗಡೆಯದು ಹಾಗೆಯೇ ಬಂದಿತ್ತು. ಇಲ್ಲಿ ಭಾವಮೈದ ಹಲ್ಲು ಕಚ್ಚಿ ಸ್ಪಾನರು ತಿರುಗಿಸಿದ. ಬೋಲ್ಟು ಟಣ್ಣೆಂದು ಮುರಿದು ಅವನ ಗೆಣ್ಣಿನ ಚರ್ಮ ಕಿತ್ತುಹೋಯಿತು.

"ಇದರ ಮನೆ ಹಾಳಾಗ!" ಎಂದು ಕೈ ಜಾಡಿಸಿದ. "ಬಸ್ಸಿನದೇ ಬಿಚ್ಚಿದ್ದೀನಿ ನಾನು. ಇದೇನಿದು, ಹಟ ಹಿಡಿದು ಕೂತಿದೆ?"

ಫಿಟ್ಟರು ಕಣ್ಣು ಮುಚ್ಚಿದರು. ಎಪ್ಪತ್ತೊಂದು ದಿನದಿಂದ ಅವರು ದೇವರಲ್ಲಿ ಏನನ್ನೂ ಬೇಡಿರಲಿಲ್ಲ. ನಿತ್ಯದ ಪ್ರಾರ್ಥನೆಯನ್ನು ಕಂದಾಯ ಕಟ್ಟುವವರಂತೆ ಮುಗಿಸಿ ಏಳುತ್ತಿದ್ದರು. 'ಅವಳನ್ನೇ ಕರಕೊಂಡೆ, ನಾನು ಚಕಾರವೆತ್ತಲಿಲ್ಲ. ಈ ಒಂದು ಕಬ್ಬಿಣದ ತಟ್ಟೆಯನ್ನಾದರೂ ಬಿಟ್ಟುಕೊಡಬಾರದೇ?' ಎಂದು ಮನಸ್ಸಿನಲ್ಲೇ ಸಿಡುಕಿದರು. ಸಿಡುಕಿದ್ದಕ್ಕೆ ನಾಚಿಕೆಯೂ ಆಯಿತು. ಉಳಿಯನ್ನು ಸಂದಿಗೆ ಕೊಟ್ಟು ಮತ್ತೆ ನಾಲ್ಕು ಪೆಟ್ಟು ಹಾಕಿದರು.

ಉಳಿಯ ತುದಿಗೆ ಏನೋ ಅಂಟಿಕೊಂಡು ಬಂತು. ತುಕ್ಕಿನ ಕೆಂಪಲ್ಲ, ಬೆಳ್ಳಗೆ, ಒಣಗಿದ ಸುಣ್ಣದ ಚೂರಿನ ಹಾಗೆ. ಬೆರಳಲ್ಲಿ ಉಜ್ಜಿ ಮೂಗಿನ ಬಳಿ ಹಿಡಿದರು. ಅಗಸೆ ಎಣ್ಣೆಯ ವಾಸನೆ.

ಅದೇನೆಂದು ಫಿಟ್ಟರಿಗೆ ಥಟ್ಟನೆ ಹೊಳೆಯಿತು. ಚೂರನ್ನು ಪ್ಯಾಂಟಿಗೆ ಒರೆಸಿಕೊಂಡು, ಭಾವಮೈದ ನೋಡಿದನೇನೋ ಎಂದು ಓರೆಗಣ್ಣಿನಲ್ಲಿ ನೋಡಿದರು. ಅವನು ಗೆಣ್ಣಿಗೆ ಬಟ್ಟೆ ಸುತ್ತುತ್ತಿದ್ದ.

ಎಂಟು ವರ್ಷದ ಹಿಂದೆ ಆ ಚಕ್ರ ಕಿರುಗುಟ್ಟುತ್ತದೆ ಎಂದು ಹೆಂಡತಿ ಹೇಳಿದ್ದಳು. ತಮ್ಮನಿಗೆ ತೋರಿಸುತ್ತೇನೆ ಎಂದಾಗ ಫಿಟ್ಟರಿಗೆ ರೇಗಿತ್ತು. ಮನೆಯಲ್ಲಿ ಫಿಟ್ಟರನ್ನು ಇಟ್ಟುಕೊಂಡು ಬಸ್ಸಿನವನನ್ನು ಕರೆಯುವುದೆ? ತಾವೇ ಬಿಚ್ಚಿ ನೋಡಿದರು. ಹಬ್ಬಿನ ಮುಖದ ಮೇಲೆ ತುಕ್ಕು ಕಂಡಿತು. ತುಕ್ಕಿದೆ ಎಂದರೆ ನೀರು ನುಗ್ಗುತ್ತಿದೆ. ನೀರು ನುಗ್ಗಿದರೆ ಏನು ಮಾಡಬೇಕೆಂದು ಪಂಪುಮನೆಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೈಪಿನ ಜಾಯಿಂಟಿಗೆ ಹಚ್ಚುವ, ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿಯ ಲೇಪವನ್ನು ತಂದು ಹನಿ ನೀರೂ ಹೋಗದಂತೆ ಮೆತ್ತಿ ಡಿಸ್ಕನ್ನು ಕೂರಿಸಿದ್ದರು. ಡಬ್ಬಿಯಲ್ಲಿದ್ದದ್ದು ಒಂದೇ ಬದಿಗೆ ಸಾಕಾಯಿತು. ಕಲ್ಲಿನಂತೆ ಗಟ್ಟಿಯಾಗುವ ಲೇಪ ಅದು. ಯಾವ ತುಕ್ಕಿನ ಎಣ್ಣೆಗೂ ಜಗ್ಗುವುದಿಲ್ಲ. ಬೆಂಕಿಗೆ ಮಾತ್ರ ಬಿಡುತ್ತದೆ.

ಬಾಯಿ ಬಿಟ್ಟು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಈ ಭಾವಮೈದನ ಮುಂದೆ ಹೇಗೆ ಹೇಳುವುದು? ಜನ್ಮವಿಡೀ ಆಡಿಕೊಂಡು ನಗುತ್ತಾನೆ. ಗೊತ್ತಿದ್ದೂ ಗೊತ್ತಿದ್ದೂ ಫಿಟ್ಟರು ಮುಕ್ಕಾಲು ಗಂಟೆ ಸುಮ್ಮನೆ ಸುತ್ತಿಗೆ ಆಡಿಸಿದರು. ಒಂದೊಂದು ಪೆಟ್ಟಿಗೂ ತಮ್ಮ ಮೇಲೇ ಸಿಟ್ಟು ಏರುತ್ತಿತ್ತು. ಸಿಟ್ಟು ಏರಿದಷ್ಟೂ ಬಾಯಿ ಕಟ್ಟುತ್ತಿತ್ತು.

ಒಂದು ಗಂಟೆಗೆ ಭಾವಮೈದ ಬೆವರು ಒರೆಸಿಕೊಂಡು ಎದ್ದ. "ಬಿಟ್ಬಿಡೋಣ ಭಾವ. ನನ್ನ ಕೈಲಾಗಲ್ಲ. ಅಕ್ಕನೇ ಹೋದ್ಮೇಲೆ ಇನ್ನು ಇದನ್ನ ಹಿಡ್ಕೊಂಡು ಏನು ಮಾಡೋದು?"

ಮಗಳು ಕಾರಿನ ಬಾಗಿಲು ತೆಗೆದು, ಮುಂದಿನ ಖಾನೆಯಿಂದ ತಾಯಿಯ ಕನ್ನಡಕ, ಬಿಳಿ ಕೈಚೀಲ, ಬ್ಯಾಟರಿ ಹೋದ ಟಾರ್ಚು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದಳು.

ಫಿಟ್ಟರಿಗೆ ಅದನ್ನು ನೋಡಲಾಗಲಿಲ್ಲ. "ನಿಲ್ಲಿಸು ಮಗಳೇ," ಎಂದು ಭಾವಮೈದನತ್ತ ತಿರುಗಿದರು. "ಅದು ತುಕ್ಕಲ್ಲ ಕಣಯ್ಯ. ನಾನೇ ಮೆತ್ತಿದ್ದು. ಪಂಪಿನ ಲೇಪ."

"ಏನು?"

"ನೀರು ಹೋಗ್ತಿದೆ ಅಂದ್ಕೊಂಡೆ. ಜಾಯಿಂಟಿಗೆ ಹಚ್ಚೋ ಹಾಗೆ ಹಚ್ಚಿದೆ."

ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಭಾವ, ಕಾರಿನ ಚಕ್ರದಲ್ಲಿ ಊರಿಗೆಲ್ಲ ನೀರು ಬಿಡೋಣ ಅಂತಿದ್ರಾ?" ನಗುನಗುತ್ತಲೇ ತಟ್ಟನೆ ಸುಮ್ಮನಾದ. "ಓ... ಅದಕ್ಕಾ ಅದು!"

"ಯಾವುದು?"

"ಡಿಸ್ಕು ಸೊಟ್ಟ ಕೂತಿರುತ್ತೆ ಅಲ್ವಾ, ಲೇಪ ಒಂದು ಕಡೆ ದಪ್ಪ ಒಂದು ಕಡೆ ತೆಳು. ಬ್ರೇಕು ಒತ್ತಿದಾಗಲೆಲ್ಲ ಪೆಡಲು ನಡುಗುತ್ತೆ ಅಂತ ಅಕ್ಕ ನನ್ಹತ್ರ ಹೇಳಿದ್ಲು. ತಾ ನೋಡ್ತೀನಿ ಅಂದೆ. ಬೇಡ ಅಂದ್ಲು. ನಿನ್ನ ಭಾವ ಇಡೀ ಭಾನುವಾರ ಕೂತು ಮಾಡಿದ ಕೆಲಸ, ನೀನು ಕೈ ಹಾಕಿದ್ರೆ ಮನಸ್ಸಿಗೆ ಹಚ್ಕೋತಾರೆ ಅಂದ್ಲು."

ಫಿಟ್ಟರಿಗೂ ಆಕೆ ಹೇಳಿದ್ದಳು. ಒಂದು ಸಲವಲ್ಲ, ಎರಡು ಸಲ. 'ಪೆಡಲಲ್ಲ, ನಿನ್ನ ಕಾಲು ನಡುಗುತ್ತೆ. ವಯಸ್ಸಾಯ್ತು' ಎಂದು ಅವರು ನಕ್ಕುಬಿಟ್ಟಿದ್ದರು. ಮೂರನೆಯ ಸಲ ಆಕೆ ಹೇಳಲಿಲ್ಲ. ನಡುಗುವ ಪೆಡಲಿನ ಮೇಲೆ ಕಾಲಿಟ್ಟು ಆರೂವರೆ ವರ್ಷ ಓಡಿಸಿದಳು.

"ಅತ್ತೂ ಕರೆದೂ ಮಾಡೋಕೆ ಹೊತ್ತಿಲ್ಲ ಭಾವ," ಎಂದ ಭಾವಮೈದ, ಈಗ ಮೆಲ್ಲಗೆ. "ಬಿಡಿಸೋದು ಹೇಗೆ ಹೇಳಿ."

"ಬ್ಲೋ ಲ್ಯಾಂಪು ಬೇಕು. ಮೊದಲು ನಿನ್ನ ಎಣ್ಣೆಯನ್ನೆಲ್ಲ ಒರೆಸು, ಇಲ್ಲದಿದ್ರೆ ಶೆಡ್ಡೇ ಹೊತ್ಕೊಳ್ಳುತ್ತೆ. ಹಬ್ಬಿನ ನಡುವೆ ಒದ್ದೆ ಬಟ್ಟೆ ಸುತ್ತು, ಬೇರಿಂಗಿನ ಗ್ರೀಸು ಕರಗಬಾರದು."

ಮಗಳು ಮನೆಗೆ ಓಡಿ ಪಂಪುಮನೆಯ ಕಾಲದ, ಸೀಮೆಎಣ್ಣೆಯಿಂದ ಉರಿಯುವ ಬ್ಲೋ ಲ್ಯಾಂಪು ತಂದಳು. ಅದೂ ಸುಲಭಕ್ಕೆ ಹೊತ್ತಲಿಲ್ಲ. ಮೂರು ಸಲ ಕೆಮ್ಮಿ ಆರಿತು. ನಾಲ್ಕನೆಯ ಸಲ ನೀಲಿ ಜ್ವಾಲೆ ಹಿಡಿದಾಗ ಗಂಟೆ ಎರಡು ದಾಟಿತ್ತು. ಫಿಟ್ಟರು ಜ್ವಾಲೆಯನ್ನು ಡಿಸ್ಕಿನ ನಡುಭಾಗದ ಸುತ್ತ ನಿಧಾನವಾಗಿ ಆಡಿಸಿದರು. ಸುಟ್ಟ ಅಗಸೆ ಎಣ್ಣೆಯ ಹೊಗೆ ಎದ್ದು ಎಲ್ಲರೂ ಕೆಮ್ಮಿದರು. ಸಂದಿಯ ಲೇಪ ಕಂದಾಗಿ, ಕಪ್ಪಾಗಿ, ಪುಡಿಯಾಗಿ ಉದುರತೊಡಗಿತು.

"ಈಗ ಹಾಕು," ಎಂದರು.

ಭಾವಮೈದ ಹಿಂದಿನಿಂದ ಎರಡು ಪೆಟ್ಟು ಕೊಟ್ಟ. ಮೂರನೆಯದಕ್ಕೆ ಡಿಸ್ಕು ಸಡಿಲಿ ಧಡಾರನೆ ನೆಲಕ್ಕೆ ಬಿತ್ತು.

ಯಾರೂ ಹಿಗ್ಗಲಿಲ್ಲ. ಭಾವಮೈದ ಹೊಸ ಡಿಸ್ಕು ಎತ್ತಿಕೊಂಡು ಬಂದರೆ ಫಿಟ್ಟರು ಅಡ್ಡ ಕುಳಿತು ತಂತಿ ಬ್ರಶ್ಶಿನಿಂದ ಹಬ್ಬಿನ ಮುಖ ತಿಕ್ಕುತ್ತಿದ್ದರು.

"ಸಾಕು ಬಿಡಿ ಭಾವ, ಮೂರೂಕಾಲು."

"ಒಂದು ಕಾಳಿನಷ್ಟೂ ಉಳೀಬಾರದು."

"ಲಾರಿ ಬರುತ್ತೆ ಅಂದ್ರೆ!"

"ಬರಲಿ."

ಲೋಹ ಬೆಳ್ಳಗೆ ಹೊಳೆಯುವವರೆಗೂ ಅವರು ಏಳಲಿಲ್ಲ. ಚಕ್ರದ ಬೋಲ್ಟುಗಳನ್ನು ಬಿಗಿಯುವ ಹೊತ್ತಿಗೆ ಲಾರಿ ಬಾಗಿಲಲ್ಲಿ ಬಂದು ನಿಂತಿತು.

"ಇನ್ನೂ ತೆಗೆದಿಲ್ವಾ ಯಜಮಾನ್ರೇ?" ಎಂದು ಡ್ರೈವರ್ ಕೂಗಿದ.

"ನಾಲ್ಕಾಗೋಕೆ ಇನ್ನೂ ಆರು ನಿಮಿಷ ಇದೆ. ನಿನ್ನ ಲಾರಿ ಹಿಂದಕ್ಕೆ ತಗೋ, ನಮ್ಮ ಕಾರು ಹೊರಗೆ ಬರಬೇಕು," ಎಂದ ಭಾವಮೈದ.

ಜಾಕು ಇಳಿಯಿತು. ಮಗಳು ಗಾಡಿ ಚಾಲು ಮಾಡಿ ಓಣಿಗೆ ತಂದು, ಹತ್ತು ಮಾರು ಓಡಿಸಿ, ಬ್ರೇಕು ಒತ್ತಿದಳು. ಕಾರು ನಿಂತಿತು.

ಫಿಟ್ಟರು ಕಿಟಕಿಯ ಬಳಿ ಬಗ್ಗಿ, "ಕಾಲಿಗೆ ಏನಾದ್ರೂ ಅನಿಸ್ತಾ?" ಎಂದು ಕೇಳಿದರು.

"ಏನೂ ಇಲ್ಲಪ್ಪ. ಚೆನ್ನಾಗಿದೆ."

ಫಿಟ್ಟರು ಅವಳ ಮುಖವನ್ನೇ ನೋಡಿದರು. ನಂಬಿಕೆಯಾಗಲಿಲ್ಲ. ಸುತ್ತು ಹಾಕಿ ಹೋಗಿ ಪಕ್ಕದಲ್ಲಿ ಕುಳಿತರು. ಪಂಪು ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಲು ಅದರ ಮೈಮೇಲೆ ಅಂಗೈ ಇಡುತ್ತಿದ್ದ ಹಾಗೆ, ಮಗಳ ಬಲಗಾಲಿನ ಮೊಣಕಾಲಿನ ಮೇಲೆ ಮಸಿ ಹತ್ತಿದ ಅಂಗೈಯನ್ನು ಇಟ್ಟರು.

"ಅಪ್ಪಾ, ನನ್ನ ಬಟ್ಟೆ!"

"ಇರಲಿ. ಓಡಿಸು. ಈಗ ತುಳಿ."

ಅವಳು ತುಳಿದಳು. ಅವರು ಉಸಿರು ಹಿಡಿದು ಅಂಗೈಗೆ ಕಿವಿಗೊಟ್ಟಂತೆ ಕುಳಿತಿದ್ದರು. ಹಿಂದಿನಿಂದ ಲಾರಿಯವನು ಹಾರ್ನು ಒತ್ತಿದ.

"ಇನ್ನೊಂದು ಸಲ," ಎಂದರು.