ನೀರು ಕುಡಿಯುವ ಎಳೆ

"ಕಣ್ಣೇನು ತಲೆ ಹಿಂದೆ ಇದ್ಯೇನೆ ದರಿದ್ರ ಮುಂಡೆ? ಕಡಿದಿದ್ದು ಬಿಟ್ಟು ಚೆನ್ನಾಗಿರೋ ಎಳೇನೇ ಕಿತ್ತು ಹಾಕಿದ್ದೀಯಲ್ಲ."

ಮೇಸ್ತ್ರಿ ಬೈದದ್ದು ನನ್ನ ಅಕ್ಕನನ್ನು. ನಮ್ಮ ಕಾರ್ಖಾನೆಯಲ್ಲಿ ಮರದ ತಿರುಳು ಕರಗಿಸಿದ ಪಾಕ ಸಣ್ಣ ತೂತುಗಳಿಂದ ಆಸಿಡ್ ತೊಟ್ಟಿಗೆ ಇಳಿದು ಎಳೆಯಾಗುತ್ತದೆ. ಗಾಯದ ಪಟ್ಟಿಗೆ, ಹೆಂಗಸರ ಪ್ಯಾಡಿಗೆ ಹೋಗುವ ಮಾಲು. ಎಳೆ ಇನ್ನಷ್ಟು ನೀರು ಕುಡಿಯಲಿ ಎಂದು ಈ ವರ್ಷದಿಂದ ಪಾಕಕ್ಕೆ ಅದೇನೋ ಪಾಲಿಮರ್ ಸುರಿಯುತ್ತಾರೆ. ಆ ಹಾಳಾದ್ದು ಸರಿಯಾಗಿ ಬೆರೆಯದೆ ಗಂಟುಗಟ್ಟಿ ತೂತು ಮುಚ್ಚುತ್ತದೆ, ಎಳೆ ಕಡಿಯುತ್ತದೆ. ಕಡಿದಾಗಲೆಲ್ಲ ಯಂತ್ರದ ಗಾಜಿನ ಬಾಗಿಲೆತ್ತಿ ಕೈಹಾಕಬೇಕು. ಎತ್ತಿದೊಡನೆ ಕೊಳೆತ ಮೊಟ್ಟೆಯ ನಾತದ ಗ್ಯಾಸು ಮುಖಕ್ಕೆ ಹೊಡೆಯುತ್ತದೆ. ಮೊದಲು ದಿನಕ್ಕೆ ಹತ್ತು ಸಲ ಎತ್ತುತ್ತಿದ್ದೆವು, ಈಗ ಲೆಕ್ಕವೇ ಇಲ್ಲ.

ಅಕ್ಕನ ಕಣ್ಣು ಹೋಗಿ ತಿಂಗಳಾಗಿತ್ತು. ಗೊತ್ತಾದರೆ ಅವತ್ತೇ ಗೇಟಿನಾಚೆ. ಹಾಸಿಗೆ ಹಿಡಿದ ಅಮ್ಮನ ಔಷಧಿ ಅವಳ ದುಡಿಮೆಯದು. ಅದಕ್ಕೇ ಗ್ಲೌಸ್ ಕಳಚಿ ಬರಿಬೆರಳಲ್ಲಿ ಎಳೆ ತಡವುತ್ತಿದ್ದಳು. ಕಡಿದ ಎಳೆ ಯಾವ ಕಡೆಗಿದೆಯೆಂದು ತಿಳಿಸಲು ಪಕ್ಕದ ಯಂತ್ರದಿಂದ ನಾನು ಕೆಮ್ಮುತ್ತಿದ್ದೆ. ಒಂದು ಕೆಮ್ಮಿದರೆ ಎಡಕ್ಕೆ, ಎರಡು ಕೆಮ್ಮಿದರೆ ಬಲಕ್ಕೆ. ಇವತ್ತು ನನಗೆ ನಿಜವಾದ ಕೆಮ್ಮೇ ಬಂದುಬಿಟ್ಟಿತು, ಅಕ್ಕನ ಲೆಕ್ಕ ತಪ್ಪಿತು.

ಮಾಲು ಕೊಳ್ಳಲು ಬಂದ ಇಬ್ಬರು ದೊಡ್ಡ ಮನುಷ್ಯರು ಮೂಗಿಗೆ ಕರ್ಚೀಫು ಹಿಡಿದು ಅಲ್ಲೇ ನಿಂತಿದ್ದರು. ಅವರೆದುರು ಮರ್ಯಾದೆ ಹೋಯಿತೆಂದು ಮೇಸ್ತ್ರಿಗೆ ಮೈಯೆಲ್ಲ ಉರಿ. ಅಕ್ಕನ ಮೂಗಿನ ಮುಂದೆ ಕೈಯೊಡ್ಡಿದ.

"ಎಷ್ಟು ಬೆರಳು, ಹೇಳು."

"ಎರಡು" ಎಂದಳು ಅಕ್ಕ, ಅಂದಾಜಿಗೆ.

ಅವನು ಹಿಡಿದದ್ದು ಮುಷ್ಟಿ. ಅವನೂ ನಕ್ಕ, ಬಂದವರೂ ನಕ್ಕರು. ನನ್ನತ್ತ ತಿರುಗಿ ಮೂರು ಬೆರಳೆತ್ತಿದ.

"ಕುರುಡಿಗೆ ನೀನೇ ಹೇಳಿಕೊಡೇ. ಎಷ್ಟು?"

ನಾನು ಆ ಮೂರು ಬೆರಳನ್ನೇ ನೋಡುತ್ತ ಹೇಳಿದೆ.

"ನನ್ಗೂ ಕಾಣ್ತಿಲ್ಲ ಸಾರ್."

"ಏನಂದೆ?"

"ಕಣ್ಣು ಹೋಗಿದೆ ಅಂದೆ. ನಿಮ್ಮ ಗ್ಯಾಸು ಕುಡಿದೂ ಕುಡಿದೂ."

ನನ್ನಾಚೆಯ ಯಂತ್ರದ ಮುದುಕಿ ಕೈ ಒರೆಸಿಕೊಂಡಳು. "ನನ್ಗೂ ಅಷ್ಟೇ ಕಣಪ್ಪ."

ಅವಳ ಪಕ್ಕದವಳು, "ನನ್ಗೂ."

ಸಾಲಿನ ಕೊನೆಯವರೆಗೂ ಹೆಂಗಸರೆಲ್ಲ ಅದನ್ನೇ ಹೇಳಿ, ಗಾಜು ಇಳಿಸಿ, ಕೈಕಟ್ಟಿ ನಿಂತರು. ಎಳೆಗಳು ಕಡಿದು ತೊಟ್ಟಿಗೆ ಬೀಳುತ್ತಿದ್ದವು. ಯಾರೂ ಮುಟ್ಟಲಿಲ್ಲ.

ನಾನು ಹೇಳಿದ್ದು ಸುಳ್ಳು. ಉಳಿದವರದೂ ಸುಳ್ಳೇ ಎಂದುಕೊಂಡು, ಹಿಗ್ಗಿಹೋಗಿ, ಮುದುಕಿಯ ಕಡೆ ತಿರುಗಿ ನಕ್ಕೆ. ಅವಳ ಮುಖ ನನ್ನತ್ತಲೇ ಇತ್ತು, ಕಣ್ಣು ಮಾತ್ರ ನನ್ನ ಭುಜದಾಚೆ ಎಲ್ಲೋ ನೆಟ್ಟಿತ್ತು. ನಗಲಿಲ್ಲ. ಅವಳ ಪಕ್ಕದವಳೂ ನಗಲಿಲ್ಲ.