ಸೊಟ್ಟಮೂತಿಯ ಬೀಜ

ಲೋಟ ಎಷ್ಟು ಫಳಫಳ ಹೊಳೆಯುತ್ತಿದೆ, ಕಿಟಕಿಯ ಬಿಸಿಲೆಲ್ಲ ಅದರೊಳಗೇ ಇಳಿದ ಹಾಗೆ, ಬೋರಲು ಹಾಕಿದ ಗಾಜಿನ ಲೋಟ — ಬೋರಲು ಯಾಕಿದೆ, ಅದರಲ್ಲಿ ಬೀಜ ಇತ್ತಲ್ಲ, ಮೊನ್ನೆ ನಾನೇ ಟೊಮೆಟೊ ಸೀಳಿ ತಿರುಳು ಹಿಂಡಿ ನೀರು ಬೆರೆಸಿ ಹುಳಿಯಲು ಇಟ್ಟದ್ದು, ಮೇಲೆ ಬಿಳಿ ಪೊರೆ ಕಟ್ಟಬೇಕು, ಬೀಜದ ಮೈಮೇಲಿನ ಲೋಳೆ ಬಿಡಬೇಕು, ಗಟ್ಟಿ ಬೀಜ ತಳಕ್ಕೆ ಕೂರಬೇಕು, ಇವತ್ತು ತೊಳೆದು ತಟ್ಟೆಯಲ್ಲಿ ಹರಡಿ ಒಣಗಿಸಬೇಕಿತ್ತು, ಯಾರು — ನಾನೇ ಕಣೇ, ನೀನು ಬಾಟ್ಲಿ ಕುದಿಸೋದ್ರಲ್ಲಿ ಒದ್ದಾಡ್ತಿದ್ದೆ, ಏನೋ ಕೊಳೆತು ನಾರ್ತಿತ್ತು, ಚೆಲ್ಲಿ ತೊಳ್ದಿಟ್ಟೆ, ನೋಡು ಎಷ್ಟು ಚೆನ್ನಾಗಿ ತೊಳ್ದಿದೀನಿ. ಮದುವೆಯಾದಾಗಿನಿಂದ ತಾನು ನೀರು ಕುಡಿದ ಲೋಟವನ್ನೂ ತೊಳೆಯದ ಮಹಾರಾಯ, ನನ್ನ ಗಂಡ, ಇವತ್ತೇ ಇವರಿಗೆ ಬುದ್ಧಿ ಬರಬೇಕಿತ್ತೇ, ಬಹುಮಾನಕ್ಕೆ ಕಾದವರ ಹಾಗೆ ನಿಂತಿದ್ದಾರೆ ಬೇರೆ, ಬೈಯಲು ಬಾಯಿ ತೆರೆದರೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು, ಎಲ್ಲಿ ಚೆಲ್ಲಿದ್ರಿ, ಬಚ್ಚಲಿಗೆ, ವಾಸನೆ ಹೋಗಲೆಂದು ಮೇಲೊಂದು ಬಕೆಟ್ ನೀರನ್ನೂ ಸುರಿದಿದ್ದಾರಂತೆ. ಮುಗಿಯಿತು ಸೊಟ್ಟಮೂತಿಯ ಕಥೆ. ಈ ಟೊಮೆಟೊಗೆ ಅಮ್ಮ ಇಟ್ಟ ಹೆಸರು ಅದು, ಮಡಿಕೆ ಮಡಿಕೆಯಾದ ಮೈ, ಒಂದು ಕಡೆ ಉಬ್ಬು ಇನ್ನೊಂದು ಕಡೆ ತಗ್ಗು, ಅಂಗಡಿಯ ಹಣ್ಣಿನ ಪಕ್ಕ ಇಟ್ಟರೆ ಮುನಿಸಿಕೊಂಡು ಕೂತ ಹಾಗೆ, ಬಾಯಿಗಿಟ್ಟರೆ ಮಾತ್ರ — ಅಮ್ಮ ಗಿಡದ ಪಕ್ಕದಲ್ಲೇ ಸೀಳಿ ಉಪ್ಪು ಸವರಿ ನನಗರ್ಧ ತಂಗಿಗರ್ಧ, ರಸ ಮೊಣಕೈವರೆಗೆ ಇಳಿದು ಫ್ರಾಕಿಗೆಲ್ಲ ಕಲೆ, ಬಗ್ಗಿ ತಿನ್ರೇ, ಒಗೆಯೋಳು ನಾನು. ಅಮ್ಮ ಹೋದ ಮೇಲೂ ಪ್ರತಿ ವರ್ಷ ಅವಳ ಒಂದು ಚೂರು ಹಿತ್ತಲಲ್ಲಿ ಕೆಂಪಾಗುತ್ತಿತ್ತು, ಇನ್ನು ಇಲ್ಲ.

ಹಳೆಯ ಬೀಜವೆಲ್ಲ ಬಿತ್ತಿ ಮುಗಿದಿದೆ, ಗಿಡ ಕಿತ್ತಾಗಿದೆ, ಉಳಿದ ಹಣ್ಣು ಒಲೆಯ ಮೇಲೆ ಕೊತಕೊತ ಕುದಿಯುತ್ತಿದೆ, ವರ್ಷಕ್ಕಾಗುವಷ್ಟು ಬಾಟಲಿ ತುಂಬಬಹುದು, ಆದರೆ ಬೆಂದ ಬೀಜ ಮೊಳೆಯುವುದುಂಟೇ, ಇರುವುದಾದರೆ ತಂಗಿಯ ಹತ್ತಿರ ಇರಬೇಕು, ಅವಳನ್ನು ನಾನು ಕೇಳುವುದೇ, ಸೊಟ್ಟಮೂತಿ ಒಲಿಯೋದು ನನ್ನ ಕೈಗೆ ಮಾತ್ರ ಎಂದು ಕೊಚ್ಚಿಕೊಳ್ಳುವ ನಾನು, ಹೋಗಲಿ, ಮರ್ಯಾದೆ ಹೋದರೆ ಹೋಗಲಿ, ಒಂದು ಕೈಯಲ್ಲಿ ಸೌಟು ಇನ್ನೊಂದರಲ್ಲಿ ಫೋನು, ಹೇಳಿದೆ, ನಿಮ್ಮ ಭಾವ ಹೀಗೆ ಮಾಡಿದರು, ಒಂದು ಚಿಟಿಕೆ ಬೀಜ ಕೊಡೇ, ಅವಳೋ ಮೆಲ್ಲಗೆ, ಅಕ್ಕಾ, ಬೈಯಲ್ಲ ಅಂದ್ರೆ ಒಂದ್ ಮಾತು, ಅಮ್ಮ ನಂಗೆ ಕೊಟ್ಟಿದ್ದಕ್ಕೆ ಯಾವತ್ತೋ ಬೂಷ್ಟು ಹಿಡೀತು — ಸೌಟು ಪಾತ್ರೆಯೊಳಗೇ ಮುಳುಗಿತು — ಹೋದ ವರ್ಷ ನಿಮ್ಮನೆಗೆ ಬಂದಿದ್ನಲ್ಲ, ಆಗ ನಿನ್ ಗಿಡದಿಂದ ಒಂದು ಹಣ್ಣು ಕದ್ದೆ, ಕೇಳಿದ್ರೆ ನೀನು ಕೊಡ್ತಿದ್ದೆ, ಆಮೇಲೆ ಊರಿಗೆಲ್ಲ ಡಂಗುರ ಸಾರ್ತಿದ್ದೆ ಅಷ್ಟೇ, ಬ್ಯಾಗಲ್ಲಿಟ್ರೆ ಅಪ್ಪಚ್ಚಿ ಆಗುತ್ತೆ ಅಂತ ಬಸ್ಸಲ್ಲಿ ಮಡಿಲಲ್ಲೇ ಇಟ್ಕೊಂಡ್ ಬಂದೆ, ಈಗ ನಮ್ಮನೆ ಹಿಂದೆ ಎಲ್ ನೋಡಿದ್ರೂ ಅದೇ, ನಾಳೆನೇ ಬಾ. ಕಳ್ಳಿ, ನನ್ನ ಮನೆಯಲ್ಲೇ ಉಂಡು ನನ್ನ ಹಿತ್ತಲಿಗೇ ಕನ್ನ ಹಾಕಿದವಳು, ಬೈಯಬೇಕು, ಚೆನ್ನಾಗಿ ಬೈಯಬೇಕು, ಬಾಯಿಗೆ ಬರುತ್ತಿರುವುದು ಮಾತ್ರ ಬರೀ ನಗು, ಇವರು ಬಾಗಿಲಲ್ಲೇ ನಿಂತು ಇನ್ನೇನಾದ್ರೂ ತೊಳೀಬೇಕಾ ಎನ್ನುತ್ತಿದ್ದಾರೆ, ಸುಮ್ನಿರಿ ಮಾರಾಯ್ರೇ, ನನ್ನ ಕಣ್ಣ ಮುಂದೆ ಆ ಬಸ್ಸು ಕುಲುಕುತ್ತಿದೆ, ಮಡಿಲಲ್ಲಿ ಸೊಟ್ಟಮೂತಿ, ಚಿಕ್ಕಂದಿನಿಂದಲೂ ಬಸ್ಸೆಂದರೆ ನಡುಗುವವಳು, ಸೀಟು ಸಿಕ್ಕಿದರೂ ಮುಂದಿನ ಕಂಬಿ ಬಿಡದವಳು, ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕೂರುವವಳು ನನ್ನ ತಂಗಿ, ಅಷ್ಟು ದೂರ, ಬಸ್ಸು ಕುಲುಕುತ್ತಿದೆ, ಮಡಿಲಲ್ಲಿ ಸೊಟ್ಟಮೂತಿ, ಅದರ ಮೇಲೆ ಅವಳ ಎರಡೂ ಕೈ, ಎರಡೂ —