ಮೂರು ಹಿಪ್ಪೆ ಮರದ ಕೆಳಗಿನವಳು

ರಾಯ್ಲಿಗೆ ಮೊಣಕೈವರೆಗೂ ಸಗಣಿ. ಸುರ್ಕಿಗೆ ಮೂಗಿನ ತುದಿಗೂ ಸಗಣಿ. ಬುಧ್ಲಿಯ ಜಡೆಯೊಳಗೆ ಅದು ಹೇಗೆ ಹೊಕ್ಕಿತೋ ಅವಳಿಗೇ ಗೊತ್ತಿಲ್ಲ. ಮೂವರೂ ಬೆಳಗ್ಗಿನಿಂದ ಪಡಸಾಲೆಯ ಗೋಡೆ ಬಳಿಯುತ್ತಿದ್ದರು. ಬಳಿದದ್ದಕ್ಕಿಂತ ನಕ್ಕದ್ದೇ ಹೆಚ್ಚು.

"ಸರಿಯಾಗಿ ತಿಕ್ಕ ಬೇ. ಗ್ವಾಡಿ ಅಂದ್ರ ಗಂಡನ ಮಾರಿ ಇದ್ದಂಗ. ಗುಳಿ ಬಿಟ್ರ ದಿನಾ ಅದನ್ನ ನೋಡ್ಕೋತ ಕುಂದರಬೇಕಾಗ್ತೈತಿ," ಅಂದಳು ಸುರ್ಕಿ.

"ನಿನಗ ಸಿಗೂ ಗಂಡನ ಮಾರಿಗೆ ಈ ಊರಿನ ಬಿಳಿಮಣ್ಣೆಲ್ಲಾ ಸಾಲಾಂಗಿಲ್ಲ ಬಿಡು," ಅಂದಳು ಬುಧ್ಲಿ.

ಹರಕೆಯ ದೇವರು ಪಿಠೋರಾ ಬಾಬಾನನ್ನು ಮನೆಗೆ ಕರೆಯುವಾಗ ಗೋಡೆಗೆ ಮೊದಲು ತಾಗಬೇಕಾದದ್ದು ಮದುವೆಯಾಗದ ಹುಡುಗಿಯರ ಕೈ. ಸಗಣಿಯ ಮೇಲೆ ಬಿಳಿಮಣ್ಣು ಬಳಿದು ಅವರು ಹಿಂದೆ ಸರಿಯುತ್ತಾರೆ. ಆಮೇಲೆ ಚಿತ್ರ ಬರೆಯುವ ಗಂಡಸರು, ಲಖಾರಾಗಳು, ಹಾಲಿನಲ್ಲೂ ಹಿಪ್ಪೆಯ ಸಾರಾಯಿಯಲ್ಲೂ ಬಣ್ಣ ಕಲಸಿ ದೇವರ ಕುದುರೆಗಳನ್ನು ಬರೆಯುತ್ತಾರೆ. ಕೊನೆಗೆ ದೇವರು ಮೈಮೇಲೆ ಬರುವ ಪೂಜಾರಿ, ಭೂವಾ, ಬರುತ್ತಾನೆ. ಮೈದುಂಬಿದ ಭೂವಾ ಕತ್ತಿಯ ತುದಿಯಿಂದ ಒಂದೊಂದೇ ಆಕೃತಿಯನ್ನು ಮುಟ್ಟಿ, "ಇದು ಯಾರು?" ಎಂದು ಕೇಳಿ, ಗೋಡೆಯನ್ನು ಓದುತ್ತಾನೆ. ಅವನು ಓದುವ ತನಕ ಅದು ಬಣ್ಣ. ಓದಿದ ಮೇಲೆ ದೇವರು.

ಹೋದ ಮಳೆಗಾಲದಲ್ಲಿ ರಾಯ್ಲಿಯ ಅಣ್ಣನ ಮಗಳು ತಿಮ್ಲಿಗೆ ಜ್ವರ ಬಂದು, ಆಸ್ಪತ್ರೆಯ ಮಾತ್ರೆಯಿಂದ ಇಳಿದಿತ್ತು. "ಮಾತ್ರಿಗೂ ಒಂದು ಶರಣು, ಬಾಬಾಗೂ ಒಂದು ಶರಣು" ಎಂದು ರಾಯ್ಲಿಯ ಅಪ್ಪ ನಗ್ಲಾ ಆಗ ಹೊತ್ತ ಹರಕೆ ಇದು. ಈಗ ತಿಮ್ಲಿ ಗುಂಡುಕಲ್ಲಿನಂತೆ ಉರುಳಾಡುತ್ತ, ಯಾರೂ ನೋಡದಾಗ ಬಿಳಿಮಣ್ಣು ತಿನ್ನುತ್ತಿದ್ದಳು.

ಹಿಂಡಿದ ಹುಣಸೆಯಂಥ ಮುಖ ಒಂದೇ: ಅಪ್ಪನ ತಮ್ಮ ದೇಸಿಂಗ್ ಕಾಕಾನದು.

"ಜ್ವರ ಇಳೀತು, ಖರೆ. ಆದ್ರ ಏರಿಸಿದಾವ್ರು ಯಾರು ಅಂತ ಯಾರರ ಕೇಳೀರೇನು?" ಅಂದ ಅವನು, ಹೊರಸಿನ ಮೇಲೆ ಕಾಲು ಮಡಚಿ ಕೂತು.

"ಸೊಳ್ಳಿ ಅಂತ ನರ್ಸಬಾಯಿ ಹೇಳಿದ್ಲು," ಅಂದ ನಗ್ಲಾ.

"ಸೊಳ್ಳಿ! ಸೊಳ್ಳಿ ನನಗೂ ಕಡೀತಾವು. ಕೂಸು ಹಿಂದಿನ ದಿನ ಯಾರ ಮನ್ಯಾಗ ಮಜ್ಜಿಗಿ ಕುಡಿದಿತ್ತು? ನಮ್ಮ ಹಿರ್ಯಾರು ಹುಚ್ಚರಲ್ಲ ಅಣ್ಣಾ. ಮಾಟ ಮಾಡೂ ಡಾಕಿಣಿ ಇದ್ದ ಊರಾಗ ಸೊಳ್ಳಿಗೂ ಸೊಕ್ಕು ಬರ್ತೈತಿ."

ರಾಯ್ಲಿಯ ಕೈ ಗೋಡೆಯ ಮೇಲೇ ನಿಂತಿತು. ಮಜ್ಜಿಗೆ ಕೊಟ್ಟವಳು ವೇಸ್ತಿ ಅಜ್ಜಿ.

ವೇಸ್ತಿ ಎಂದರೆ ರಾಯ್ಲಿಯ ಅಜ್ಜನ ತಮ್ಮನ ಹೆಂಡತಿ. ಗಂಡ ಸತ್ತು ಹನ್ನೆರಡು ವರ್ಷ, ಮಕ್ಕಳಿಲ್ಲ. ಹೊಲದ ತುದಿಯಲ್ಲಿ ಮೂರು ಹಿಪ್ಪೆ ಮರ, ಮರದ ಕೆಳಗೆ ಗುಡಿಸಲು. ಬದುಕಿರುವ ತನಕ ಮರಗಳೂ ಅವುಗಳ ಹೂವಿನ ದುಡ್ಡೂ ಅವಳವು. ಆಮೇಲೆ, ಅಥವಾ ಅವಳು ಊರು ಬಿಟ್ಟರೆ, ಬದುವಿನ ಆಚೆಯ ದೇಸಿಂಗ್ ಕಾಕಾನವು. ರಾಯ್ಲಿ ಬೆಳೆದದ್ದು ಆ ಗುಡಿಸಲಿನ ಕಥೆಗಳಲ್ಲಿ. ಭೂಮಿಗೆ ನಿದ್ದೆ ಬಂದದ್ದು, ಹುಲಿ ಹೆಣ್ಣು ಕೇಳಲು ಬಂದದ್ದು, ಚಂದ್ರ ಓರ್ಸಂಗ್ ಹೊಳೆಯಲ್ಲಿ ಬಟ್ಟೆ ಬಿಟ್ಟು ಈಜಿದ್ದು. ಇಪ್ಪತ್ತು ತುಂಬಿದರೂ ಅವಳು ಹೊಳೆ ದಾಟುವಾಗ ಆ ಬಟ್ಟೆ ಎಲ್ಲಾದರೂ ಸಿಕ್ಕೀತೇ ಎಂದು ನೋಡುವುದನ್ನು ಬಿಟ್ಟಿರಲಿಲ್ಲ.

ಜ್ವರದ ಮಾತು ಮಳೆಗಾಲದಲ್ಲೇ ಹಬ್ಬಿತ್ತು. ಆಗಿನಿಂದ ವೇಸ್ತಿಯ ಮಜ್ಜಿಗೆ ಯಾರೂ ಮುಟ್ಟಿರಲಿಲ್ಲ. ಬಾವಿಯ ಹತ್ತಿರ ಎಲ್ಲರೂ ನೀರು ಸೇದುವ ತನಕ ಅವಳು ದೂರ ನಿಲ್ಲಬೇಕಾಯಿತು. ಒಂದು ಬೆಳಗ್ಗೆ ಅವಳ ಬಾಗಿಲಿಗೆ ಹರಕು ಚಪ್ಪಲಿ ಜೋತುಬಿದ್ದಿತ್ತು. ಇನ್ನೊಂದು ಬೆಳಗ್ಗೆ ಮೊಟ್ಟೆಯಿಡುವ ಕೋಳಿ ಕತ್ತು ಮುರಿದು ಬಿದ್ದಿತ್ತು. ಮುಂದೇನಾಗುತ್ತದೆಂದು ಊರಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಇಂಥದೇ ಒಂದು ಗೋಡೆಯ ಓದಿನಲ್ಲಿ ಝಮ್ಕು ಎಂಬ ವಿಧವೆಯ ಹೆಸರು ಬಂತು. ತಲೆ ಬೋಳಿಸಿ ಹೊಳೆಯಾಚೆ ಅಟ್ಟಿದರು. ಅವಳು ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತ ಸತ್ತ ಸುದ್ದಿ ಬಂದಾಗ, ಅವಳ ಹೊಲದಲ್ಲಿ ಅವಳನ್ನು ಡಾಕಿಣಿ ಅಂದವನ ಜೋಳ ತೆನೆ ಕಟ್ಟಿತ್ತು.

ಗೋಡೆ ಬಳಿದ ಮರುದಿನ ರಾಯ್ಲಿ ಬಣ್ಣಕ್ಕೆ ಎರಡನೇ ತಂಬಿಗೆ ಹಾಲು ಒಯ್ದಾಗ ಗೋಡೆ ಜಾತ್ರೆಯಂತಾಗಿತ್ತು. ಅವಳ ಸೋದರಮಾವ ಮಾನ್‌ಜೀ, ಹಿರಿಯ ಲಖಾರಾ, ನಡುಗೋಡೆಯ ಮೇಲೆ ದೇವರ ಕುದುರೆಗಳ ಸಾಲು ಎಬ್ಬಿಸಿದ್ದ. ಆನೆ, ನೇಗಿಲು, ಈಚಲ ಮರ ಏರಿದವನು, ಜೇನುಹುಳು. ಜೊತೆಗೆ ಒಂದು ರೈಲು, ಮೊಬೈಲು ಹಿಡಿದು ಒಂಟೆಯ ಮೇಲೆ ಕೂತವನೊಬ್ಬ. ಬಲಮೂಲೆಯನ್ನು ಭಂಗ್ಡಾನಿಗೆ ಬಿಟ್ಟಿದ್ದರು. ಭಂಗ್ಡಾ ಒಳ್ಳೆಯವನು, ಆದರೆ ಬಣ್ಣಕ್ಕೆ ಬೆರೆಸುವ ಸಾರಾಯಿಗಿಂತ ತನಗೆ ಬೆರೆಸಿಕೊಳ್ಳುವುದು ಹೆಚ್ಚು.

ಆ ಮೂಲೆಯಲ್ಲಿ ಮೂರು ಹಿಪ್ಪೆ ಮರ. ಕೆಳಗೆ ಕೂದಲು ಕೆದರಿ, ಎರಡೂ ಕೈ ಮೇಲೆತ್ತಿದ ಮುದುಕಿ.

ರಾಯ್ಲಿ ತಂಬಿಗೆ ಎದೆಗವಚಿಕೊಂಡು ಮಾವನ ಹತ್ತಿರ ಹೋದಳು.

"ಮಾಮಾ, ಅದನ್ನ ಅಳಸು."

"ಹಾಕಿದ ಗೆರಿ ಅಳಸಾಕ ಬರಾಂಗಿಲ್ಲ," ಅಂದ ಮಾನ್‌ಜೀ, ಅವಳತ್ತ ನೋಡದೆ. "ಕೈ ನಮ್ಮದು, ಗೆರಿ ಬಾಬಾಂದು. ಗೊತ್ತಿಲ್ಲೇನು ನಿನಗ?"

"ಭೂವಾ ಕೇಳಿದ್ರ ಏನಂತೀ?"

"ಬರದಾವ ಹೇಳ್ಯಾನು. ನನ್ನ ನಾಲ್ಕು ಕುದುರಿಗೆ ಇನ್ನೂ ಬಾಲ ಹಚ್ಚಿಲ್ಲ, ನಡಿ."

ತಂಬಿಗೆ ಅಲ್ಲೇ ಇಟ್ಟು ರಾಯ್ಲಿ ಹೊಲದ ತುದಿಗೆ ಓಡಿದಳು. ವೇಸ್ತಿ ಬಾಗಿಲಲ್ಲಿ ಕೂತು ಉದ್ದು ಹಸನು ಮಾಡುತ್ತಿದ್ದಳು. ಸಂಗತಿ ಕೇಳಿ, ಕಲ್ಲೊಂದನ್ನು ಆರಿಸಿ ಎಸೆದಳು.

"ಎರಡು ದಿನ ನಮ್ಮಕ್ಕನ ಊರಿಗೆ ಹೋಗಿಬಿಡು ಅಜ್ಜಿ, ನಾ ಕರಕೊಂಡು ಹೋಗ್ತೀನಿ."

"ಓಡಿದ್ರ 'ನೋಡ್ರಿ, ಡಾಕಿಣಿ ಓಡಿದ್ಲು' ಅಂತಾರ. ಕುಂತ್ರ 'ನೋಡ್ರಿ, ಅಂಜಿಕೀನೂ ಇಲ್ಲ, ಡಾಕಿಣೀನ' ಅಂತಾರ. ಎರಡೂ ಅಷ್ಟ ಆದ್ಮ್ಯಾಲ ಈ ಮೊಣಕಾಲು ಹೊತ್ಕೊಂಡು ಯಾಕ ಓಡ್ಲಿ?" ವೇಸ್ತಿ ಮೊರ ಕೆಳಗಿಟ್ಟಳು. "ಊಟಕ್ಕ ಏನ್ ಮಾಡ್ಯಾರ? ಹ್ವಾದ ಸರತಿ ನಿಮ್ಮಪ್ಪ ಬ್ಯಾಳಿಗೆ ಉಪ್ಪ ಹಾಕಿದ್ದಿಲ್ಲ."

ಹೊತ್ತಿಳಿಯುವಾಗ ಅಂಗಳ ತುಂಬಿತು. ಛೀತಿಯಾ ಭೂವಾ ಕತ್ತಿ ಹಿಡಿದು, ಮೈ ಅಲುಗಿಸುತ್ತ ಗೋಡೆಯ ಮುಂದೆ ನಿಂತ. ಮೈಮೇಲೆ ಬಾಬಾ ಇದ್ದರೂ ಕಣ್ಣಲ್ಲಿ ಚೇಷ್ಟೆ ಉಳಿಸಿಕೊಂಡ ಮುದುಕ ಆತ.

"ಇದು ಯಾರು?"

"ರಾಜಾ ಭೋಜನ ಆನಿ, ಬಾಬಾ," ಅಂದ ಮಾನ್‌ಜೀ.

"ಹೂಂ. ಇದು?"

"ರಾಣಿ ಕಾಜಲ್ ಕುದುರಿ."

"ಈ ಕುದುರಿ ಹಲ್ಲು ಕಿಸಿಯಾಕತ್ತೈತಿ, ಯಾಕ?"

"ಅದರ ಬಾಯಿ ಭಂಗ್ಡಾ ಬರದಾನ ಬಾಬಾ. ಅವನ ಕೈಯಾಗ ಹುಟ್ಟಿದ್ದೆಲ್ಲಾ ನಗ್ತೈತಿ."

ಅಂಗಳ ನಕ್ಕಿತು. ಕತ್ತಿ ಸರಿಯುತ್ತ ಬಲಮೂಲೆಗೆ ಬಂತು. ನಗು ನಿಂತಿತು.

"ಇದು ಯಾರು?"

ಮಾನ್‌ಜೀ ಭಂಗ್ಡಾನ ಮುಖ ನೋಡಿದ. ಭಂಗ್ಡಾ ತನ್ನ ಕಾಲ್ಬೆರಳು ನೋಡಿದ. ಉತ್ತರ ಕೊಟ್ಟವನು ದೇಸಿಂಗ್ ಕಾಕಾ.

"ನಾವೇನ್ ಹೇಳೂದು ಬಾಬಾ? ನೀನ ತೋರಿಸೀದಿ. ಮೂರು ಹಿಪ್ಪಿ ಗಿಡದ ಕೆಳಗ ಯಾರದಾಳಂತ ಊರಿಗೇ ಗೊತ್ತೈತಿ."

ನೂರು ತಲೆಗಳು ಒಟ್ಟಿಗೆ ತಿರುಗಿದವು. ಬೇವಿನ ಮರದ ಬುಡದಲ್ಲಿ ಕೂತಿದ್ದ ವೇಸ್ತಿಯ ಸುತ್ತ ಒಮ್ಮೆಲೇ ಜಾಗ ಖಾಲಿಯಾಯಿತು. ರಾಯ್ಲಿಗೆ ಝಮ್ಕುವಿನ ಬೋಳುತಲೆ ನೆನಪಾಯಿತು. ಆ ದಿನ ತಾನು ಅಮ್ಮನ ಸೆರಗಿನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತದ್ದೂ ನೆನಪಾಯಿತು.

"ನಾ ಓದ್ಲಿ?" ಅಂದಳು. ತನ್ನ ದನಿ ಅವಳಿಗೇ ಬೇರೆಯವರದೆನಿಸಿತು.

"ಗ್ವಾಡಿ ಬಳಿಯಾಕಿ ಬಳೀಬೇಕು!" ದೇಸಿಂಗ್ ಎದ್ದ. "ಅಣ್ಣಾ, ಮಗಳನ್ನ ಹಿಡಿ!"

"ರಾಯ್ಲಿ, ಹಬ್ಬ ಕೆಡಸಬ್ಯಾಡ," ಅಂದ ನಗ್ಲಾ, ಮೆತ್ತಗೆ.

ಭೂವಾ ಕತ್ತಿಯನ್ನು ನೆಲಕ್ಕೆ ಊರಿದ. "ಗ್ವಾಡ್ಯಾಗ ತಪ್ಪು ಇದ್ರ ಹೇಳೂ ಹಕ್ಕು ಮನಿಯವರಿಗೆ ಐತಿ. ಆಕಿ ಈ ಮನಿಯಾಕೀನ. ಓದು ಮಗಳ."

ರಾಯ್ಲಿ ಗೋಡೆಯ ಹತ್ತಿರ ಹೋದಳು. ಕಥೆ ಕೇಳಿ ಬೆಳೆದವಳಿಗೆ ನೋಡುವ ಚಟ ಇರುತ್ತದೆ. ಹಾಲು ತಂದಾಗ ಅಂಜಿಕೆಯಲ್ಲಿ ಕಾಣದ್ದು ಈಗ ಒಂದೊಂದೇ ಕಾಣತೊಡಗಿತು.

"ಮುದುಕಿಗೆ ಬೆರಳಿಲ್ಲ. ಮೂಗೂ ಇಲ್ಲ," ಅಂದಳು. "ಮೂರ ಗೆರ್‍ಯಾಗ ಮುಗಿಸ್ಯಾರ. ಗಿಡ ನೋಡ್ರಿ. ಹೂವಿನ ಗೊಂಚಲಾ ಗೊಂಚಲಾ ಎಣಿಸಬಹುದು. ಕೆಳಗ ಬುಟ್ಟಿ. ಒಂದಲ್ಲ, ಐದು. ಬುಟ್ಟಿ ಪಕ್ಕ ಇದೇನಿದು ಮಾಮಾ?"

ಮಾನ್‌ಜೀ ಬಗ್ಗಿ ನೋಡಿದ. "ತಕ್ಕಡಿ," ಅಂದ. ಮತ್ತೆ ನೋಡಿದ. "ಹೌದಲೇ, ತಕ್ಕಡೀನ!"

"ಕೂಸಿನ ಜೀವ ತಿನ್ನೂ ಡಾಕಿಣಿಗೆ ಹೂ ತೂಗೂ ತಕ್ಕಡಿ ಯಾಕ ಬೇಕು? ಇದನ್ನ ಬರಸಿದಾವರು ವೇಸ್ತಿ ಅಜ್ಜಿನ್ನ ನೋಡೇ ಇಲ್ಲ. ಗಿಡಾನ ನೋಡ್ಯಾರ. ವರ್ಷಗಟ್ಟಲೆ ನೋಡ್ಯಾರ."

ಎಲ್ಲೋ ಒಬ್ಬಳು ಕಿಸಕ್ಕೆಂದಳು. ನಗು ಅಂಗಳದಲ್ಲಿ ಒಲೆಯಿಂದ ಒಲೆಗೆ ಕೆಂಡ ಒಯ್ದಂತೆ ಹಬ್ಬಿತು.

"ನಗಬ್ಯಾಡ್ರಿ," ಅಂದಳು ರಾಯ್ಲಿ. ಅವಳ ಕಣ್ಣು ತುಂಬಿತ್ತು. "ಝಮ್ಕು ಕಾಕಿನ್ನ ಓದಿದಾಗ ಯಾರೂ ಹಿಂಗ ಹತ್ರ ಹೋಗಿ ನೋಡ್ಲಿಲ್ಲ. ಈ ಸುತ್ತಿನ ಹಳ್ಯಾಗ ಎಷ್ಟು ಮಂದಿನ್ನ ಡಾಕಿಣಿ ಅಂದ್ರಿ? ಅದರಾಗ ನಾಲ್ಕು ಗಟ್ಟಿ ಮಕ್ಕಳು ಇದ್ದಾಕಿ ಒಬ್ಬಾಕಿ ಇದ್ಲೇನು? ಹೊಲ ಇಲ್ಲದಾಕಿ ಒಬ್ಬಾಕಿ? ಡಾಕಿಣಿ ಆಗಬೇಕಂದ್ರ ಗಂಡ ಸತ್ತಿರಬೇಕು, ಮಕ್ಕಳಿರಬಾರದು, ಭೂಮಿ ಇರಬೇಕು. ಇದೆಂಥಾ ಮಾಟ?"

ರಾಯ್ಲಿ ಮುದುಕಿಯ ಎತ್ತಿದ ಕೈಗಳತ್ತ ಬೊಟ್ಟು ಮಾಡಿದಳು.

"ನನಗ ಕಾಣೂದು ಬ್ಯಾರೆ," ಅವಳ ದನಿ ಇಳಿಯಿತು. "ಕಥ್ಯಾಗ ಹುಲಿ ಬಂದ ಕೂಡ್ಲೇ ಅಜ್ಜಿ ಹಿಂಗ ಎರಡೂ ಕೈ ಎತ್ತತಾಳ. ನಾವೆಲ್ಲಾ ಚೀರತಿದ್ವಿ. ನೀವೂ ಚೀರೀರಿ, ಮರತೀರೇನು?"

ಅಷ್ಟರಲ್ಲಿ ಭಂಗ್ಡಾ ದೊಪ್ಪನೆ ನೆಲದ ಮೇಲೆ ಕೂತುಬಿಟ್ಟ. "ನಂದೇನೈತಿ ಇದರಾಗ! ಎರಡು ಬಾಟ್ಲಿ ಕೊಟ್ಟು ಡಾಕಿಣಿ ಬರಿ ಅಂದ ದೇಸಿಂಗ್ ಕಾಕಾ. ಹೆಂಗಿರ್ತಾಳ ಅಂದೆ. ಮೂರು ಗಿಡದ ಕೆಳಗಿರ್ತಾಳ ಅಂದ. ಆಮ್ಯಾಲ ಬರೇ ಗಿಡದ್ದ ಮಾತು! ಒಂದೊಂದ ಗಿಡ ಎಷ್ಟು ಬುಟ್ಟಿ ಹೂ ಕೊಡ್ತೈತಿ, ಎಷ್ಟು ತೂಗತೈತಿ... ಕೇಳಿ ಕೇಳಿ ಕೈ ತಾನ ಬರೀತು. ಮುದುಕಿಗೆ ಜಾಗಾನೂ ಉಳೀಲಿಲ್ಲ, ಸಾರಾಯಿನೂ ಉಳೀಲಿಲ್ಲ!"

ಈ ಸಲದ ನಗೆಗೆ ಬೇವಿನ ಮರದ ಕಾಗೆಗಳೂ ಎದ್ದವು. ದೇಸಿಂಗ್ ಏನೋ ಕೂಗುತ್ತಿದ್ದ, ಕೇಳಿಸಲಿಲ್ಲ.

ಆದರೆ ರೂಢಿ ಅಷ್ಟು ಬೇಗ ಸಾಯುವುದಿಲ್ಲ. ಊರ ಪಟೇಲ ಗಂಟಲು ಸರಿಮಾಡಿಕೊಂಡ. "ಆತು. ದೇಸಿಂಗಂದು ತಪ್ಪ. ಆದ್ರೂ ಗ್ವಾಡಿ ಮ್ಯಾಲ ಬಂದ ಗೆರಿ ಸುಳ್ಳು ಅನ್ನಾಕ ಬರಾಂಗಿಲ್ಲ. ಹೆಸರಿಗೆ ಡಾಕಿಣಿ ಅಂತ ಓದಿಬಿಡೋಣು. ಮುದುಕಿನ್ನ ಊರು ಬಿಡಿಸೂದು ಬ್ಯಾಡ. ಇಬ್ಬರ ಮಾತೂ ಉಳೀತೈತಿ."

"ಇಲ್ಲ," ಅಂದಳು ರಾಯ್ಲಿ. "ಇವತ್ತ ಹೆಸರು, ನಾಳೆ ಕಲ್ಲು. ಹಂಗ ಓದಿದ್ರ ಈ ಕೈ ಇನ್ನೊಂದು ಗ್ವಾಡಿಗೆ ಸಗಣಿ ಹಚ್ಚಾಂಗಿಲ್ಲ. ನಾವು ಬಳಿಯೂದು ಬಾಬಾಗ. ಒಬ್ಬಾಕಿನ್ನ ಊರಿಂದ ಅಟ್ಟಾಕಲ್ಲ."

"ನಂದೂ ಅಷ್ಟ," ಅಂದು ಸುರ್ಕಿ ಪಕ್ಕಕ್ಕೆ ಬಂದು ನಿಂತಳು. ಬುಧ್ಲಿ ಬಂದು ರಾಯ್ಲಿಯ ಕೈ ಹಿಡಿದಳು. ಅವಳ ಹಿಂದೆ ಇನ್ನೂ ಐದಾರು ಹುಡುಗಿಯರು, ಅಡುಗೆಯ ಸೌಟು ಹಿಡಿದೇ.

ಈ ಚಳಿಗಾಲ ಊರಲ್ಲಿ ಇನ್ನೂ ನಾಲ್ಕು ಮನೆಗಳ ಹರಕೆ ಬಾಕಿಯಿತ್ತು. ಅದರಲ್ಲೊಂದು ಪಟೇಲನದೇ. ಹುಡುಗಿಯರು ಕೈ ಹಚ್ಚದ ಗೋಡೆಯ ಮೇಲೆ ಬಾಬಾ ಇಳಿಯುವುದಿಲ್ಲ. ಹಚ್ಚಲು ಗಂಡಸರಿಗೆ ಹಕ್ಕಿಲ್ಲ. ನಾಲ್ಕು ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಟಮಾರಿ ಪ್ವಾರಿಗಳು," ಅಂದ ಪಟೇಲ, ಗೊಣಗುತ್ತ. "ಭೂವಾ, ನೀನ ಏನರ ಒಂದು ಅನ್ನಪಾ."

ಛೀತಿಯಾ ಭೂವಾ ಕತ್ತಿಯೆತ್ತಿ ಮೂಲೆಯ ಚಿತ್ರವನ್ನು ಮುಟ್ಟಿದ. ಈ ಸಲ ಯಾರನ್ನೂ ಕೇಳಲಿಲ್ಲ.

"ಇಕಿ ವೇಸ್ತಿ. ಬಾಬಾನ ಕಥಿ ಹೇಳಾಕಿ. ಗಿಡ ಇಕೀವು," ಎಂದು ಓದಿದ. ಕತ್ತಿ ಸ್ವಲ್ಪ ಪಕ್ಕಕ್ಕೆ ಸರಿಯಿತು. "ತಕ್ಕಡಿ ದೇಸಿಂಗಂದು. ಇರ್ಲಿ, ಗ್ವಾಡಿ ಇರೂತನಾ ಇರ್ಲಿ."

ಅದು ಓದಾಗಿ ಹೋಯಿತು. ಓದಿದ್ದನ್ನು ಇನ್ನು ಯಾರೂ ಅಳಿಸುವಂತಿಲ್ಲ. ದೇಸಿಂಗ್ ಕಾಕಾ ಊಟಕ್ಕೆ ನಿಲ್ಲಲಿಲ್ಲ. ನಗ್ಲಾ ಮಾತ್ರ ಎದ್ದು ಹೋಗಿ, ಎಲ್ಲರೂ ನೋಡುವಂತೆ ವೇಸ್ತಿಯ ಪಕ್ಕ ಕೂತ. ವೇಸ್ತಿ ಅವನ ಬೆನ್ನು ತಟ್ಟಿ, ಕಣ್ಣೊರೆಸಿಕೊಂಡು, ಮೊಣಕಾಲು ಹಿಡಿದು ಎದ್ದಳು. ಗೋಡೆಯ ಹತ್ತಿರ ಹೋಗಿ ತನ್ನನ್ನು ತಾನು ನೋಡಿಕೊಂಡಳು.

"ಲೇ ಭಂಗ್ಡಾ," ಅಂದಳು. "ಡಾಕಿಣಿ ಅಂದದ್ದು ತಡಕೊಂಡೆ. ಮೂಗ ಇಲ್ಲದಾಕಿ ಅನಿಸ್ಕೊಳ್ಳಾಂಗಿಲ್ಲ. ಬಾ, ಮೂಗು ಬರಿ. ಮೂಗುತಿ ಸೈತ!"

ಹದಿನೈದು ದಿನಕ್ಕೆ ಹೊಳೆಯಾಚೆಯ ಹಳ್ಳಿಯಲ್ಲಿ ಒಂದು ಪಿಠೋರಾ. ಸುದ್ದಿ ಹೊಳೆ ದಾಟಲು ದೋಣಿ ಬೇಕಿಲ್ಲ. ಅಲ್ಲಿನ ಯಜಮಾನ ಸಗಣಿ, ಬಿಳಿಮಣ್ಣು ಎಲ್ಲ ಅಣಿ ಮಾಡಿ ಬಂದು ನೋಡಿದರೆ, ಏಳು ಹುಡುಗಿಯರು ಒಣಕೈ ಮಡಿಲಲ್ಲಿಟ್ಟು ಸಾಲಾಗಿ ಕೂತಿದ್ದರು.

"ಏಳ್ರೆವ್ವಾ, ಹೊತ್ತಾತು."

"ಮೊದಲ ಹೇಳ್ರಿ ಕಾಕಾ," ಅಂದಳು ಎಲ್ಲರಿಗಿಂತ ಚಿಕ್ಕವಳು. "ಮೂಲ್ಯಾಗ ಯಾರನ್ನ ಬರಸ್ತೀರಿ?"

"ಯಾರನ್ನೂ ಇಲ್ಲವ್ವಾ! ಕುದುರಿ, ಆನಿ, ಬೇಕಂದ್ರ ಒಂದು ಬಸ್ಸು!"

ಹುಡುಗಿಯರು ತಲೆಗೆ ತಲೆ ಹಚ್ಚಿ ಪಿಸುಗುಟ್ಟಿಕೊಂಡರು. ಯಜಮಾನ ಬಾಗಿಲಲ್ಲಿ ನಿಂತು, ರುಮಾಲು ಬಿಚ್ಚಿ, ಮತ್ತೆ ಸುತ್ತಿಕೊಂಡು, ಕಾದ.

"ಆತು," ಅಂದಳು ಚಿಕ್ಕವಳು, ತೋಳೇರಿಸುತ್ತ. "ಓದೂ ಹೊತ್ತಿಗೆ ನಾವೂ ಮುಂದಿನ ಸಾಲ್ನಾಗ ಕುಂದರ್ತೀವಿ. ಈಗ ಸಗಣಿ ಬುಟ್ಟಿ ಈಕಡೆ ತರ್ರಿ."